ಸಣ್ಣದರೊಳಗೆ ಇಣುಕಿದ ದೊಡ್ಡ ವಿಜ್ಞಾನಿ: ಡಾ. ಬಿ.ಜಿ.ಎಲ್. ಸ್ವಾಮಿ

ಕಟ್ಟಿರುವೆಯ ಮುಖವನ್ನು ಎಂದಾದರೂ ಹತ್ತಿರದಿಂದ ನೋಡಿದ್ದೀರಾ? ಬರಿಗಣ್ಣಿಗೆ ಅದು ಓಡಾಡುವ ಒಂದು ಕಪ್ಪು ಚುಕ್ಕಿ, ಅಷ್ಟೇ. ಆದರೆ ಕ್ಯಾಮರಾಕ್ಕೆ ವಿಶೇಷ ಮಸೂರ ಜೋಡಿಸಿ, ತೀರ ಹತ್ತಿರದಿಂದ ಫೋಟೋ ತೆಗೆದರೆ ಆ ಚುಕ್ಕಿಗೆ ದವಡೆ ಬರುತ್ತದೆ, ಮೈಮೇಲೆ ಕೂದಲು ಬರುತ್ತದೆ. ಅದರ ಒಂದೊಂದು ಕಣ್ಣೂ ನೂರಾರು ಪುಟ್ಟ ಕಣ್ಣುಗಳಿಂದ ಆದದ್ದು ಎಂದು ತಿಳಿಯುತ್ತದೆ. ಕರಿಬೇವಿನ ಎಲೆಯ ಮೇಲೆ ಚಿಟ್ಟೆ ಇಟ್ಟ ಮೊಟ್ಟೆ ಮುತ್ತಿನ ಹಾಗೆ ಕಾಣುತ್ತದೆ. ಇಂಥ ಫೋಟೋಗಳನ್ನು ಮ್ಯಾಕ್ರೊ ಫೋಟೋಗಳು ಎನ್ನುತ್ತಾರೆ. ನಿಮ್ಮಲ್ಲಿ ಕೆಲವರು ಮನೆಯ ಮೊಬೈಲ್ ಫೋನಿನಲ್ಲೇ ಇಂಥ ಫೋಟೋ ತೆಗೆದಿರಲೂಬಹುದು.

ನೋಡಿದಾಗ ಅಬ್ಬಾ ಎನಿಸುತ್ತದೆ, ನಿಜ. ಆದರೆ ಫೋಟೋ ತೋರಿಸುವುದು ಹೊರಮೈಯನ್ನು. ಒಳಗೇನಿದೆ? ಅದು ಹಾಗೆಯೇ ಏಕಿದೆ? ಹಿಂದೆ ಹೇಗಿತ್ತು? ಈ ಪ್ರಶ್ನೆಗಳಿಗೆ ಉತ್ತರ ಬೇಕಾದರೆ ಇನ್ನೂ ಒಂದು ಹೆಜ್ಜೆ ಒಳಗೆ ಹೋಗಬೇಕು. ಹಾಗೆ ಹೋದ ಕನ್ನಡದ ವಿಜ್ಞಾನಿಯೊಬ್ಬರ ಕತೆಯನ್ನು ಈ ಸಲ ತಿಳಿಯೋಣ. ಮರದ ಒಂದು ಚೂರು, ಹೂವಿನ ಒಂದು ಮೊಗ್ಗು ಇವುಗಳ ಒಳಗೆ ಇಣುಕಿ, ಹೂಬಿಡುವ ಗಿಡಗಳ ಹಳೆಯ ಚರಿತ್ರೆಯನ್ನು ಹುಡುಕಿದವರು ಅವರು. ಕೊನೆಯ ವರ್ಷಗಳಲ್ಲಿ ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೂ ಕೆಲಸ ಮಾಡಿದವರು. ಅವರೇ ಡಾ. ಬಿ.ಜಿ.ಎಲ್. ಸ್ವಾಮಿ.

ಡಿ.ವಿ.ಜಿ.ಯವರ ಮಗ

ಸ್ವಾಮಿಯವರ ಪೂರ್ಣ ಹೆಸರು ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ಹುಟ್ಟಿದ್ದು 1918ರ ಫೆಬ್ರವರಿ 5ರಂದು. ಅವರ ತಂದೆ ಯಾರು ಗೊತ್ತೆ? ‘ಮಂಕುತಿಮ್ಮನ ಕಗ್ಗ’ ಬರೆದ ಡಿ.ವಿ. ಗುಂಡಪ್ಪನವರು. ಕಗ್ಗದ ಪದ್ಯಗಳನ್ನು ನೀವು ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಕೇಳಿರಬಹುದು. ತಂದೆ ಪತ್ರಿಕೆ, ಪುಸ್ತಕ, ಸಭೆ ಎಂದು ದುಡಿದವರು. ಮಗ ಆರಿಸಿಕೊಂಡದ್ದು ಗಿಡಮರಗಳನ್ನು. ಆದರೆ ತಂದೆಯ ಮನೆಯ ಕನ್ನಡ ಮಗನನ್ನು ಬಿಡಲಿಲ್ಲ. ಅದು ಮುಂದೆ ಹೇಗೆ ಕೆಲಸಕ್ಕೆ ಬಂತು ಎಂಬುದನ್ನು ಆಮೇಲೆ ನೋಡೋಣ.

ಸ್ವಾಮಿಯವರು ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಆಗ ಆ ಕಾಲೇಜು 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಸಸ್ಯವಿಜ್ಞಾನದಲ್ಲಿ ಪದವಿ ಪಡೆದ ಮೇಲೆ ಅವರು ಸಂಶೋಧನೆಗೆ ಇಳಿದರು. ಆರಿಸಿಕೊಂಡ ವಿಷಯಗಳಲ್ಲಿ ಮುಖ್ಯವಾದದ್ದು ಆರ್ಕಿಡ್ ಹೂಗಳ ಒಳಗೆ ಬೀಜ ಹೇಗೆ ರೂಪುಗೊಳ್ಳುತ್ತದೆ ಎಂಬುದು.

ರಾಗಿಯೇ ಕುಂಬಳಕಾಯಿ!

ಮಲೆನಾಡಿಗೆ ಹೋದವರು ಮರದ ಕೊಂಬೆಯಿಂದ ಜಡೆಯ ಹಾಗೆ ಇಳಿಬಿದ್ದ ಸೀತಾಳೆ ದಂಡೆಯನ್ನು ನೋಡಿರುತ್ತೀರಿ. ಅದೂ ಒಂದು ಆರ್ಕಿಡ್. ಆರ್ಕಿಡ್ ಹೂಗಳು ಎಷ್ಟು ಚೆಂದವೋ ಅವುಗಳ ಬೀಜಗಳು ಅಷ್ಟೇ ಸಣ್ಣವು. ಧೂಳು ಎಂದರೂ ನಡೆಯುತ್ತದೆ. ಆ ಬೀಜದ ಮುಂದೆ ನಮ್ಮ ರಾಗಿ ಕಾಳೇ ಕುಂಬಳಕಾಯಿ! ಒಂದೇ ಕಾಯಿಯಲ್ಲಿ ಸಾವಿರಾರು ಬೀಜಗಳಿರುತ್ತವೆ. ಕೆಲವು ಜಾತಿಗಳಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು.

ಅವರೆ ಬೀಜದಲ್ಲಿ, ಭತ್ತದಲ್ಲಿ ಮೊಳಕೆಗೆ ಬೇಕಾದ ಬುತ್ತಿ ಬೀಜದೊಳಗೇ ಇರುತ್ತದೆ. ಆರ್ಕಿಡ್ ಬೀಜದಲ್ಲಿ ಅಂಥ ಬುತ್ತಿ ಇರುವುದಿಲ್ಲ ಎನ್ನಬಹುದು. ಕಾಡಿನಲ್ಲಿ ಅದು ಮೊಳೆಯಬೇಕಾದರೆ ಒಂದು ಬಗೆಯ ಶಿಲೀಂಧ್ರ ಬಂದು ಆಹಾರ ಕೊಡಬೇಕು. ಇನ್ನೊಂದು ಸೋಜಿಗವಿದೆ. ಬಹಳಷ್ಟು ಗಿಡಗಳಲ್ಲಿ ಹೂ ಅರಳುವ ಹೊತ್ತಿಗೆ ಅಂಡಕಗಳು ಸಿದ್ಧವಾಗಿರುತ್ತವೆ. ಅಂಡಕ ಎಂದರೆ ಮುಂದೆ ಬೀಜವಾಗುವ ಭಾಗ. ಆರ್ಕಿಡ್‌ಗಳಲ್ಲಿ ಸಾಮಾನ್ಯವಾಗಿ ಪರಾಗಸ್ಪರ್ಶ ಆದ ಮೇಲೆಯೇ ಅಂಡಕಗಳು ಪೂರ್ತಿ ಬೆಳೆಯುತ್ತವೆ.

ಇದನ್ನೆಲ್ಲ ಹೂವನ್ನು ಹೊರಗಿನಿಂದ ನೋಡಿ ತಿಳಿಯಲು ಆಗುತ್ತದೆಯೇ? ಆಗುವುದಿಲ್ಲ. ಹಾಗಾದರೆ ಸಸ್ಯವಿಜ್ಞಾನಿಗಳು ಏನು ಮಾಡುತ್ತಾರೆ?

ಮೊದಲು ಬೇರೆ ಬೇರೆ ವಯಸ್ಸಿನ ಮೊಗ್ಗು, ಹೂ, ಕಾಯಿಗಳನ್ನು ತಂದು, ಅವು ಕೆಡದಂತೆ ಒಂದು ದ್ರವದಲ್ಲಿ ಹಾಕಿಡುತ್ತಾರೆ. ಬಳಿಕ ಅವುಗಳಲ್ಲಿರುವ ನೀರನ್ನು ತೆಗೆದು, ಆ ಜಾಗಕ್ಕೆ ಕರಗಿಸಿದ ಮೇಣ ತುಂಬುತ್ತಾರೆ. ಮೇಣ ಗಟ್ಟಿಯಾದಾಗ ಮೆತ್ತನೆಯ ಮೊಗ್ಗೂ ಕತ್ತರಿಸಲು ಬರುತ್ತದೆ. ಮೈಕ್ರೊಟೋಮ್ ಎಂಬ ಯಂತ್ರದ ಹರಿತವಾದ ಅಲಗು ಅದನ್ನು ಸೌತೆಕಾಯಿಯ ಬಿಲ್ಲೆಗಳಂತೆ ಒಂದೇ ಸಮನೆ ಕತ್ತರಿಸುತ್ತದೆ. ಬಿಲ್ಲೆ ಎಷ್ಟು ತೆಳ್ಳಗೆ ಗೊತ್ತೆ? ಸುಮಾರು 10 ಮೈಕ್ರೊಮೀಟರ್. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರೊಮೀಟರ್‌ಗಳಿವೆ. ಈಗ ಲೆಕ್ಕ ಮಾಡಿ. ಒಂದು ಮಿಲಿಮೀಟರ್ ಉದ್ದದ ಮೊಗ್ಗಿನಿಂದ ಎಷ್ಟು ಬಿಲ್ಲೆ ಬರುತ್ತವೆ? ನೂರು!

ಈ ಬಿಲ್ಲೆಗಳಿಗೆ ಬಣ್ಣ ಹಚ್ಚಿ, ಗಾಜಿನ ಪಟ್ಟಿಯ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ಒಂದಾದ ಮೇಲೊಂದು ನೋಡಬೇಕು. ಕಂಡದ್ದನ್ನು ಚಿತ್ರ ಬರೆಯಬೇಕು. ಆ ಕಾಲದಲ್ಲಿ ಕ್ಯಾಮರಾ ಲೂಸಿಡಾ ಎಂಬ ಸಾಧನವಿತ್ತು. ಹೆಸರಿನಲ್ಲಿ ಕ್ಯಾಮರಾ ಇದ್ದರೂ ಅದು ಫೋಟೋ ತೆಗೆಯುವುದಿಲ್ಲ. ಸೂಕ್ಷ್ಮದರ್ಶಕಕ್ಕೆ ಅದನ್ನು ಜೋಡಿಸಿದರೆ ಒಳಗಿನ ಬಿಂಬವೂ ಪಕ್ಕದಲ್ಲಿಟ್ಟ ಕಾಗದವೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಬಿಂಬದ ಗೆರೆಗಳ ಮೇಲೆಯೇ ಪೆನ್ಸಿಲ್ ಓಡಿಸಿ ಚಿತ್ರ ಬರೆಯಬಹುದು. ಸೂಕ್ಷ್ಮದರ್ಶಕಕ್ಕೆ ನಿಜವಾದ ಕ್ಯಾಮರಾ ಜೋಡಿಸಿ ಫೋಟೋ ತೆಗೆಯುವ ರೂಢಿಯೂ ಇತ್ತು. ಫೋಟೋ ಇದ್ದದ್ದನ್ನೆಲ್ಲ ಹಿಡಿಯುತ್ತದೆ. ಚಿತ್ರ ಬರೆಯುವವರು ಮಾತ್ರ ಪ್ರತಿ ಗೆರೆಗೂ ಇದು ಏನು ಎಂದು ತಮ್ಮನ್ನೇ ಕೇಳಿಕೊಳ್ಳಬೇಕು. ಆದ್ದರಿಂದ ಸಸ್ಯವಿಜ್ಞಾನಿಗೆ ಎರಡೂ ಬೇಕು.

ಇಂಥ ನಿಧಾನದ ಕೆಲಸವನ್ನು ಸ್ವಾಮಿಯವರು ವರ್ಷಗಟ್ಟಲೆ ಮಾಡಿದರು. ಹಲವು ಆರ್ಕಿಡ್ ಜಾತಿಗಳಲ್ಲಿ ಅಂಡಕದಿಂದ ಬೀಜದವರೆಗಿನ ಹಂತಗಳನ್ನು ಒಂದೊಂದಾಗಿ ಗುರುತಿಸಿದರು. ಅವರ ಲೇಖನಗಳು ವಿದೇಶದ ವಿಜ್ಞಾನ ಪತ್ರಿಕೆಗಳಲ್ಲಿ ಅಚ್ಚಾದವು. 1947ರಲ್ಲಿ, ಅಂದರೆ ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ, ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಡಿ.ಎಸ್ಸಿ. ಪದವಿ ನೀಡಿತು.

ನಿಮಗೆ ಗೊತ್ತೆ?

1947ರಲ್ಲೇ ಅಚ್ಚಾದ ಸ್ವಾಮಿಯವರ ಒಂದು ಲೇಖನ ವೆನಿಲಾ ಬಳ್ಳಿಯ ಜೀವನಚರಿತ್ರೆ. ಐಸ್‌ಕ್ರೀಮಿಗೆ ಪರಿಮಳ ಕೊಡುವ ವೆನಿಲಾ ಕೂಡ ಆರ್ಕಿಡ್ ಎಂದರೆ ನಂಬುತ್ತೀರಾ? ಅದರ ತವರು ಮೆಕ್ಸಿಕೊ ಕಡೆ. ಬೇರೆ ದೇಶಗಳಿಗೆ ಬಳ್ಳಿಯನ್ನು ಒಯ್ದಾಗ ಹೂವೇನೋ ಬಿಟ್ಟಿತು, ಕಾಯಿ ಮಾತ್ರ ಕಚ್ಚಲಿಲ್ಲ. ಪರಾಗಸ್ಪರ್ಶ ಮಾಡುವ ಕೀಟ ಅಲ್ಲಿರಲಿಲ್ಲ. ಹೂವಿನ ಒಳಗೆ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಒಂದು ತೆಳು ಪರದೆಯಿದೆ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಹನ್ನೆರಡು ವರ್ಷದ ಹುಡುಗನೊಬ್ಬ ಆ ಪರದೆಯನ್ನು ಸಣ್ಣ ಕಡ್ಡಿಯಿಂದ ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತಿ ಕಾಯಿ ಕಟ್ಟಿಸಿದ. ಅವನ ಹೆಸರು ಎಡ್ಮಂಡ್ ಆಲ್ಬಿಯಸ್. ಅವನೊಬ್ಬ ಗುಲಾಮ. ಶಾಲೆ ಕಂಡವನಲ್ಲ. ಹೂವನ್ನು ಮಾತ್ರ ಹತ್ತಿರದಿಂದ ನೋಡಿದ್ದ. ಮಲೆನಾಡಿನ ತೋಟಗಳೂ ಸೇರಿ ಮೆಕ್ಸಿಕೊ ಆಚೆಯ ತೋಟಗಳಲ್ಲಿ ವೆನಿಲಾ ಬೆಳೆಯುವವರು ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವುದು ಅವನು ಕಂಡುಕೊಂಡ ಈ ಬಗೆಯಲ್ಲೇ.

ಬಿದಿರಿನ ಗಂಟು ಮತ್ತು ಮರದ ನಾಳ

ಡಿ.ಎಸ್ಸಿ. ಪದವಿಯ ಬಳಿಕ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಇರ್ವಿಂಗ್ ಬೈಲಿ ಎಂಬ ಪ್ರಾಧ್ಯಾಪಕರಿದ್ದರು. ಮರದ ಒಳರಚನೆಯ ಅಧ್ಯಯನದಲ್ಲಿ ಅವರದು ಬಹಳ ದೊಡ್ಡ ಹೆಸರು. ಅವರ ಮುಂದಿದ್ದ ಪ್ರಶ್ನೆಯೂ ದೊಡ್ಡದು: ಭೂಮಿಯ ಮೇಲೆ ಹೂಬಿಡುವ ಗಿಡಗಳು ಸುಮಾರು ಮೂರು ಲಕ್ಷ ಜಾತಿ ಇವೆ. ಇವುಗಳ ವಂಶದಲ್ಲಿ ಹಳೆಯ ಗುಣಗಳನ್ನು ಇನ್ನೂ ಉಳಿಸಿಕೊಂಡಿರುವವು ಯಾವುವು?

ಇಷ್ಟು ದೊಡ್ಡ ಪ್ರಶ್ನೆಗೆ ಬೈಲಿ ಮತ್ತು ಸ್ವಾಮಿ ಉತ್ತರ ಹುಡುಕಿದ್ದು ಎಲ್ಲಿ? ಮರದ ಸಣ್ಣ ಚೂರುಗಳಲ್ಲಿ, ಒಣಗಿಸಿಟ್ಟ ಹೂಗಳಲ್ಲಿ!

ಬೇರು ಹೀರಿದ ನೀರು ಎಲೆಗೆ ಏರುವುದು ಕ್ಸೈಲಂ ಎಂಬ ಅಂಗಾಂಶದ ಮೂಲಕ ಎಂದು ನೀವು ಓದುತ್ತೀರಿ. ಅದರಲ್ಲಿ ಎರಡು ಬಗೆಯ ದಾರಿಗಳಿವೆ. ಇವನ್ನು ಬಿದಿರಿನ ಉದಾಹರಣೆಯಿಂದ ತಿಳಿಯೋಣ. ಗಂಟುಗಳನ್ನು ಒಡೆದು ತೆಗೆದ ಬಿದಿರು ಒಂದು ಉದ್ದ ಕೊಳವೆ. ಈ ತುದಿಯಿಂದ ಆ ತುದಿಗೆ ನೀರು ಸರಾಗವಾಗಿ ಹರಿಯುತ್ತದೆ. ನಮ್ಮ ಸುತ್ತಲಿನ ಮಾವು, ತೇಗ, ಬೇವು ಮುಂತಾದ ಮರಗಳಲ್ಲಿ ಇಂಥ ಕೊಳವೆಗಳಿವೆ. ಒಂದರ ಮೇಲೊಂದು ಕುಳಿತ ಜೀವಕೋಶಗಳ ತುದಿಗೋಡೆಯಲ್ಲಿ ತೂತಾಗಿ ಕೊಳವೆ ಆಗಿರುತ್ತದೆ. ಇವು ನಾಳಗಳು. ಇನ್ನೊಂದು ಬಗೆಯ ಜೀವಕೋಶಗಳು ಗಂಟು ಒಡೆಯದ ಬಿದಿರಿನ ಹಾಗೆ. ತುದಿಗಳು ಮುಚ್ಚಿರುತ್ತವೆ. ಗೋಡೆಯಲ್ಲಿರುವ ತೆಳು ಪೊರೆಯ ಕಿಂಡಿಗಳ ಮೂಲಕ ನೀರು ಜಿನುಗಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಇವಕ್ಕೆ ಟ್ರೇಕೀಡ್ ಎಂದು ಹೆಸರು. ಹೂಬಿಡದ ಪೈನ್ ಮರಗಳಲ್ಲಿ ನೀರು ಏರುವುದು ಟ್ರೇಕೀಡ್‌ಗಳ ಮೂಲಕ.

ಹೂಬಿಡುವ ಗಿಡಗಳಲ್ಲಿ ಬಹುಪಾಲು ಎಲ್ಲಕ್ಕೂ ನಾಳಗಳಿವೆ. ನಾಳಗಳೇ ಇಲ್ಲದವು ಬೆರಳೆಣಿಕೆಯಷ್ಟು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲಡೋನಿಯ ದ್ವೀಪದಲ್ಲಿ ಆಂಬೊರೆಲ್ಲ ಎಂಬ ಪೊದೆಗಿಡವಿದೆ. ಬೇರೆಲ್ಲೂ ಅದು ಕಾಡುಗಿಡವಾಗಿ ಬೆಳೆಯುವುದಿಲ್ಲ. ಹೂವೂ ಚಿಕ್ಕದು, ನೋಡಲು ಅಂಥ ವಿಶೇಷವೇನೂ ಇಲ್ಲ. ಬೈಲಿ ಮತ್ತು ಸ್ವಾಮಿ ಅದರ ಕಾಂಡದ ತೆಳು ಬಿಲ್ಲೆಗಳನ್ನು ಪರೀಕ್ಷಿಸಿ, ಇದು ನಾಳಗಳಿಲ್ಲದ ಹೊಸ ಮಾದರಿಯ ಹೂಗಿಡ ಎಂದು 1948ರಲ್ಲಿ ಪ್ರಕಟಿಸಿದರು.

ಸ್ವಾಮಿಯವರು ನಮ್ಮ ದಕ್ಷಿಣ ಭಾರತದ ಬೆಟ್ಟಕಾಡುಗಳಲ್ಲಿ ಬೆಳೆಯುವ ಸಾರ್ಕ್ಯಾಂಡ್ರ ಎಂಬ ಗಿಡವನ್ನೂ ಪರೀಕ್ಷಿಸಿದರು. ಅದರಲ್ಲೂ ನಾಳಗಳು ಕಾಣಲಿಲ್ಲ. 1950ರಲ್ಲಿ ಬೈಲಿಯವರ ಜೊತೆ ಸೇರಿ ಅದನ್ನು ಪ್ರಕಟಿಸಿದರು. ಹೊಸ ಜಾತಿಯೆಂದು ತಾವು ಗುರುತಿಸಿದ ಒಂದು ಗಿಡಕ್ಕೆ ಸಾರ್ಕ್ಯಾಂಡ್ರ ಇರ್ವಿಂಗ್‌ಬೈಲಿಯಿ ಎಂದು ತಮ್ಮ ಗುರುವಿನ ಹೆಸರನ್ನೇ ಇಟ್ಟರು. ಗುರುದಕ್ಷಿಣೆ ಎಂದರೆ ಇದಲ್ಲವೇ?

ಮಡಿಸಿದ ಎಲೆಯ ಕತೆ

ಮರವಾಯಿತು, ಈಗ ಹೂವಿಗೆ ಬನ್ನಿ. ಹೂವಿನ ನಡುವೆ ಅಂಡಾಶಯವಿದೆ. ಅದರ ತುದಿಯಲ್ಲಿ ಪರಾಗವನ್ನು ಹಿಡಿಯುವ ಶಲಾಕಾಗ್ರ. ಅಂಡಾಶಯ ಸುತ್ತಲೂ ಮುಚ್ಚಿದ ಪೆಟ್ಟಿಗೆಯಂತಿರುತ್ತದೆ, ಒಳಗೆ ಅಂಡಕಗಳು ಭದ್ರವಾಗಿರುತ್ತವೆ. ಈ ಪೆಟ್ಟಿಗೆ ಹೇಗೆ ಬಂದಿರಬಹುದು?

ಫಿಜಿ ದ್ವೀಪಗಳಲ್ಲಿ ಡಿಜೆನೇರಿಯ ಎಂಬ ಮರವಿದೆ. ಅದರ ಹೂವಿನ ಅಂಡಾಶಯ ವಿಚಿತ್ರವಾದದ್ದು. ಎಲೆಯೊಂದನ್ನು ನಡುನರದ ಮೇಲೆ ಉದ್ದಕ್ಕೆ ಮಡಿಸಿದರೆ ಹೇಗಿರುತ್ತದೋ ಹಾಗಿದೆ. ಎರಡು ಅಂಚುಗಳು ಹತ್ತಿರ ಬಂದಿವೆ, ಆದರೆ ಪರಾಗ ಬರುವ ಹೊತ್ತಿಗೆ ಅಂಟಿಕೊಂಡಿರುವುದಿಲ್ಲ. ನಡುವೆ ಒತ್ತಾಗಿ ಹೆಣೆದುಕೊಂಡ ಸಣ್ಣ ಸಣ್ಣ ರೋಮಗಳಿವೆ, ಅಷ್ಟೇ. ಪರಾಗ ಆ ಅಂಚಿನ ಉದ್ದಕ್ಕೂ ಎಲ್ಲಿ ಬೇಕಾದರೂ ಕೂರಬಹುದು.

ಇಂಥ ಹೂಗಳ ಬಿಲ್ಲೆಗಳನ್ನು ಒಂದಕ್ಕೊಂದು ಹೋಲಿಸಿ, 1951ರಲ್ಲಿ ಬೈಲಿ ಮತ್ತು ಸ್ವಾಮಿ ಒಂದು ವಿಚಾರ ಮಂಡಿಸಿದರು. ಹಳೆಯ ಕಾಲದ ಹೂವಿನ ಅಂಡಾಶಯ ಹೀಗೆ ಮಡಿಸಿದ ಎಲೆಯಂತಿದ್ದು, ಕಾಲಕ್ರಮದಲ್ಲಿ ಅದರ ಅಂಚುಗಳು ಕೂಡಿಕೊಂಡು ಮುಚ್ಚಿದ ಪೆಟ್ಟಿಗೆ ಆಗಿರಬೇಕು. ಅಂಚಿನ ಉದ್ದಕ್ಕೂ ಇದ್ದ ಶಲಾಕಾಗ್ರ ಕಿರಿದಾಗುತ್ತಾ ತುದಿಗೆ ಬಂದಿರಬೇಕು. ಈ ವಿಚಾರ ಬಹಳ ವರ್ಷಗಳ ಕಾಲ ಪ್ರಪಂಚದ ಸಸ್ಯವಿಜ್ಞಾನದ ಪುಸ್ತಕಗಳಲ್ಲಿ ಪಾಠವಾಯಿತು.

ಕಾಡನ್ನು ಕನ್ನಡಕ್ಕೆ ತಂದವರು

ಭಾರತಕ್ಕೆ ಮರಳಿದ ಸ್ವಾಮಿಯವರು ಮದರಾಸಿನ, ಅಂದರೆ ಇಂದಿನ ಚೆನ್ನೈನ, ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯವಿಜ್ಞಾನದ ಪ್ರಾಧ್ಯಾಪಕರಾದರು. ಬಳಿಕ ಅಲ್ಲಿಯೇ ಪ್ರಾಂಶುಪಾಲರೂ ಆದರು. ವಿದ್ಯಾರ್ಥಿಗಳನ್ನು ತರಗತಿಯಲ್ಲಿ ಕೂಡಿಹಾಕಿ ಪಾಠ ಒಪ್ಪಿಸುವ ಮೇಷ್ಟರು ಅವರಲ್ಲ. ಪಶ್ಚಿಮ ಘಟ್ಟದ ಕಾಡುಗಳಿಗೆ ಕರೆದೊಯ್ದು, ಗಿಡದ ಮುಂದೆಯೇ ನಿಲ್ಲಿಸಿ ಪಾಠ ಹೇಳುತ್ತಿದ್ದರು.

ಆ ಕಾಡಿನ ತಿರುಗಾಟವೇ ‘ಹಸುರು ಹೊನ್ನು’ ಎಂಬ ಪುಸ್ತಕವಾಯಿತು. ಅದರಲ್ಲಿ ಗಿಡಗಳಿವೆ, ಗಿಡಗಳ ಹೆಸರಿನ ಕತೆಗಳಿವೆ, ಜೊತೆಗೆ ತುಂಟ ವಿದ್ಯಾರ್ಥಿಗಳ ಫಜೀತಿಗಳೂ ಇವೆ. ಓದುತ್ತಾ ನಗು ಬರುತ್ತದೆ, ನಕ್ಕು ಮುಗಿಸುವಷ್ಟರಲ್ಲಿ ಒಂದು ಗಿಡದ ಪರಿಚಯ ಆಗಿಹೋಗಿರುತ್ತದೆ! ಪುಸ್ತಕದ ಚಿತ್ರಗಳನ್ನು ಬರೆದವರೂ ಅವರೇ. ಸೂಕ್ಷ್ಮದರ್ಶಕದ ಮುಂದೆ ಕುಳಿತು ಪಳಗಿದ ಕೈಗೆ ಎಲೆಯ ಅಂಚು, ಹೂವಿನ ಎಸಳು ಬರೆಯುವುದು ಕಷ್ಟವೇ? ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಸ್ಯವಿಜ್ಞಾನದ ಪುಸ್ತಕವೊಂದು ಸಾಹಿತ್ಯವೆಂದು ಪ್ರಶಸ್ತಿ ಪಡೆಯುವುದು ಅಪರೂಪ.

‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಇನ್ನೊಂದು ಪುಸ್ತಕವಿದೆ. ಹೆಸರು ಕೇಳಿ ಗಾಬರಿಯಾಗಬೇಡಿ. ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ ಇವೆಲ್ಲ ಎಲ್ಲಿಂದ ಬಂದವು ಎಂಬುದನ್ನು ಅದರಲ್ಲಿ ಹೇಳಿದ್ದಾರೆ. ಮೆಣಸಿನಕಾಯಿ ಬರುವ ಮೊದಲು ನಮ್ಮ ಸಾರಿಗೆ ಖಾರ ಕೊಡುತ್ತಿದ್ದದ್ದು ಕರಿಮೆಣಸು. ಇದನ್ನು ನಿಮ್ಮ ಅಜ್ಜಿಗೆ ಹೇಳಿ ನೋಡಿ.

ತಂದೆಯ ಮನೆಯ ಕನ್ನಡ ಕೆಲಸಕ್ಕೆ ಬಂದದ್ದು ಇಲ್ಲಿ. ಇಂಗ್ಲಿಷಿನಲ್ಲಿ ಸಂಶೋಧನೆ ಬರೆದು ಪ್ರಪಂಚಕ್ಕೆ ತಿಳಿಸಿದವರು, ಅದೇ ಕಾಡಿನ ವಿಷಯವನ್ನು ನಮ್ಮ ಮಾತಿನಲ್ಲೂ ಹೇಳಿದರು.

ಮೈಸೂರಿನಲ್ಲಿ

ಮದರಾಸಿನಲ್ಲಿ ನಿವೃತ್ತರಾದ ಮೇಲೆ ಸ್ವಾಮಿಯವರು ಮೈಸೂರಿಗೆ ಬಂದರು. ಕುಕ್ಕರಹಳ್ಳಿ ಕೆರೆಯ ಪಕ್ಕದಲ್ಲಿರುವ ಮಾನಸಗಂಗೋತ್ರಿ ನಿಮಗೆ ಗೊತ್ತಲ್ಲ? 1960ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯದ ಆವರಣ ಅದು. ಹೆಸರಿಟ್ಟವರು ಕುವೆಂಪು. ಅಲ್ಲಿನ ಸಸ್ಯವಿಜ್ಞಾನ ವಿಭಾಗದಲ್ಲಿ ಸ್ವಾಮಿಯವರು ಮತ್ತೆ ಪಾಠ, ಸಂಶೋಧನೆಗಳಲ್ಲಿ ತೊಡಗಿದರು. ‘ಮೈಸೂರು ಡೈರಿ’ ಎಂಬ ಪುಸ್ತಕವನ್ನೂ ಬರೆದರು. ಹೂವು ಕಾಯಾಗುವ ಬಗೆಯನ್ನು ವಿವರಿಸುವ ಇಂಗ್ಲಿಷ್ ಪುಸ್ತಕವನ್ನು ಸಸ್ಯವಿಜ್ಞಾನಿ ಕೆ.ವಿ. ಕೃಷ್ಣಮೂರ್ತಿಯವರ ಜೊತೆ ಬರೆದರು. ಅದು ಪ್ರಕಟವಾದದ್ದು 1980ರಲ್ಲಿ. ಅದೇ ವರ್ಷ ನವೆಂಬರ್ 2ರಂದು ಸ್ವಾಮಿಯವರು ತೀರಿಕೊಂಡರು. ಆಗ ಅವರಿಗೆ 62 ವರ್ಷ.

ಕತೆ ಅಲ್ಲಿಗೆ ಮುಗಿಯಲಿಲ್ಲ

ಮಕ್ಕಳೇ, ವಿಜ್ಞಾನಿಯ ಬದುಕು ಮುಗಿದರೂ ಅವರು ಎತ್ತಿದ ಪ್ರಶ್ನೆಗಳು ಮುಗಿಯುವುದಿಲ್ಲ. ಮುಂದೆ ಏನಾಯಿತು ಕೇಳಿ.

ಸ್ವಾಮಿಯವರು ಬಳಸಿದ್ದು ಬೆಳಕಿನ ಸೂಕ್ಷ್ಮದರ್ಶಕ. ಎಷ್ಟೇ ಒಳ್ಳೆಯ ಮಸೂರ ಹಾಕಿದರೂ ಅದಕ್ಕೊಂದು ಮಿತಿಯಿದೆ. ಒಂದು ಮೈಕ್ರೊಮೀಟರಿನ ಐದನೆಯ ಒಂದು ಭಾಗಕ್ಕಿಂತ ಹತ್ತಿರವಿರುವ ಎರಡು ಚುಕ್ಕಿಗಳನ್ನು ಅದು ಬೇರೆ ಬೇರೆಯಾಗಿ ತೋರಿಸಲಾರದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದಕ್ಕಿಂತಲೂ ಸಣ್ಣದನ್ನು ತೋರಿಸುತ್ತದೆ. 1987ರಲ್ಲಿ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ಅಮೆರಿಕದ ವಿಜ್ಞಾನಿ ಅಂಥ ಸಾಧನದಲ್ಲಿ ಸಾರ್ಕ್ಯಾಂಡ್ರದ ಬೇರನ್ನು ಪರೀಕ್ಷಿಸಿದರು. ಕೆಲವು ಜೀವಕೋಶಗಳ ತುದಿಗೋಡೆಯ ಕಿಂಡಿಗಳಲ್ಲಿ ಪೊರೆಯೇ ಇರಲಿಲ್ಲ. ಅಂದರೆ ಅವು ತೂತುಗಳು, ಆ ಜೀವಕೋಶಗಳು ನಾಳಗಳು! ಬಳಿಕ ಕಾಂಡದಲ್ಲೂ ನಾಳಗಳು ಕಂಡವು. ಸಾರ್ಕ್ಯಾಂಡ್ರದಲ್ಲಿ ನಾಳಗಳಿಲ್ಲ ಎಂಬ 1950ರ ತೀರ್ಮಾನವನ್ನು ತಿದ್ದಬೇಕಾಯಿತು.

ಆಂಬೊರೆಲ್ಲದ ಕತೆ ಬೇರೆ. 1999ರಲ್ಲಿ ವಿಜ್ಞಾನಿಗಳ ಹಲವು ತಂಡಗಳು ಗಿಡಗಳ ಡಿಎನ್‌ಎ ಹೋಲಿಸಿ ನೋಡಿದವು. ಹೂಗಿಡಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆ ಯಾವುದು ಗೊತ್ತೆ? ಅದೇ ಆಂಬೊರೆಲ್ಲ! ಬೈಲಿ ಮತ್ತು ಸ್ವಾಮಿ ಐವತ್ತು ವರ್ಷ ಮೊದಲೇ ಬಿಲ್ಲೆ ಕತ್ತರಿಸಿ ನೋಡಿ, ಇದು ಸಾಮಾನ್ಯ ಗಿಡವಲ್ಲ ಎಂದು ಗುರುತಿಸಿದ್ದ ಅದೇ ಪೊದೆ. ಅದರಲ್ಲಿ ನಾಳಗಳಿಲ್ಲ ಎಂಬ ಅವರ ಮಾತೂ ನಿಂತಿತು. 2013ರಲ್ಲಿ ಅದರ ಪೂರ್ತಿ ಜೀನೋಮನ್ನೂ ಓದಿ ಪ್ರಕಟಿಸಿದರು. ಒಂದು ಎಚ್ಚರಿಕೆ: ಆಂಬೊರೆಲ್ಲ ಉಳಿದ ಹೂಗಿಡಗಳ ಅಜ್ಜಿಯಲ್ಲ. ಬಹು ಹಿಂದೆಯೇ ಬೇರೆ ಮನೆ ಮಾಡಿಕೊಂಡ ಕುಟುಂಬದ ಇಂದಿನ ಮಗಳು ಎಂದರೆ ಸರಿ.

ಮಡಿಸಿದ ಎಲೆಯ ವಿಚಾರ? ಆಂಬೊರೆಲ್ಲವೂ ಸೇರಿ ಹಳೆಯ ಕವಲಿನ ಕೆಲವು ಗಿಡಗಳಲ್ಲಿ ಅಂಡಾಶಯ ಮಡಿಸಿದ ಎಲೆಗಿಂತ ಪುಟ್ಟ ಹೂಜಿಯನ್ನು ಹೆಚ್ಚು ಹೋಲುತ್ತದೆ. ಹಾಗಾಗಿ ಭೂಮಿಯ ಮೊದಲ ಹೂವು ಹೇಗಿತ್ತು ಎಂಬ ಚರ್ಚೆ ಇನ್ನೂ ನಡೆಯುತ್ತಿದೆ.

ಒಂದು ಮಾತು ತಿದ್ದುಪಡಿಯಾಯಿತು, ಒಂದು ನಿಂತಿತು, ಒಂದು ಚರ್ಚೆಯಲ್ಲಿದೆ. ಇದರಿಂದ ಸ್ವಾಮಿಯವರ ಹೆಸರು ಕುಗ್ಗಿತೇ? ಇಲ್ಲ. ತಾವು ಯಾವ ಗಿಡ ತೆಗೆದುಕೊಂಡೆವು, ಹೇಗೆ ಕತ್ತರಿಸಿದೆವು, ಏನು ಕಂಡೆವು ಎಂಬುದನ್ನು ಅವರು ಚಿತ್ರ ಸಮೇತ ಬರೆದಿಟ್ಟಿದ್ದರು. ಅದಕ್ಕಾಗಿಯೇ ಮೂವತ್ತು, ಐವತ್ತು ವರ್ಷಗಳ ಬಳಿಕವೂ ಬೇರೊಬ್ಬರು ಅದೇ ದಾರಿಯಲ್ಲಿ ನಡೆದು, ಇನ್ನೂ ಹತ್ತಿರದಿಂದ ನೋಡಿ, ಸರಿಯೋ ತಪ್ಪೋ ಎಂದು ಹೇಳಲು ಸಾಧ್ಯವಾಯಿತು. ಬರೆದಿಡದೇ ಹೋಗಿದ್ದರೆ ತಿದ್ದುವುದಕ್ಕೂ ಏನೂ ಇರುತ್ತಿರಲಿಲ್ಲ.

ಮಾಡಿ ನೋಡಿ

1. ಅವರೆಕಾಯಿಯಲ್ಲಿ ಎಲೆ ಹುಡುಕಿ. ಅವರೆ ಅಥವಾ ಬಟಾಣಿಯ ಕಾಯಿಯೊಂದನ್ನು ತೆಗೆದುಕೊಳ್ಳಿ. ಅದು ಬೆಳೆದ ಅಂಡಾಶಯವೇ. ಎರಡು ಅಂಚುಗಳನ್ನೂ ಗಮನಿಸಿ. ಕಾಳುಗಳು ಒಂದೇ ಅಂಚಿಗೆ ಅಂಟಿಕೊಂಡಿರುತ್ತವೆ. ಆ ಅಂಚನ್ನು ಮೆಲ್ಲಗೆ ಬಿಡಿಸಿ, ಕಾಯಿಯನ್ನು ಪುಸ್ತಕದ ಹಾಗೆ ಅಗಲಿಸಿ. ಒಂದು ಕಾಳು ಈ ಮಗ್ಗುಲಿಗೆ, ಮುಂದಿನದು ಆ ಮಗ್ಗುಲಿಗೆ ಹೋಗುವುದು ಕಾಣುತ್ತದೆಯೇ? ಈಗ ಅಗಲಿಸಿದ ಕಾಯಿಯನ್ನು ನೋಡಿ. ನಡುನರ ಇರುವ ಎಲೆಯಂತೆ ಕಾಣುವುದಿಲ್ಲವೇ?

2. ತೇಗದ ತೂತುಗಳು. ಬಡಗಿಯವರ ಬಳಿ ತೇಗದ ಒಂದು ಚೂರು ಕೇಳಿ ತನ್ನಿ. ಅಡ್ಡಕ್ಕೆ ಕತ್ತರಿಸಿದ ತುದಿಯನ್ನು ಉಪ್ಪುಕಾಗದದಿಂದ ನಯವಾಗಿ ಉಜ್ಜಿ. ಶಾಲೆಯ ಕೈಮಸೂರದಲ್ಲಿ ನೋಡಿ. ಸಾಲಾಗಿ ಸಣ್ಣ ತೂತುಗಳು ಕಾಣುತ್ತವೆ. ಅವೇ ನಾಳಗಳು. ಬೇರೆ ಮರಗಳ ಚೂರುಗಳನ್ನೂ ತಂದು ಹೋಲಿಸಿ. ಎಲ್ಲದರಲ್ಲೂ ತೂತುಗಳು ಒಂದೇ ಗಾತ್ರದಲ್ಲಿವೆಯೇ?

3. ಫೋಟೋ ತೆಗೆಯಿರಿ, ಚಿತ್ರವನ್ನೂ ಬರೆಯಿರಿ. ಶಿಕ್ಷಕರ ಅಥವಾ ಮನೆಯವರ ಮೊಬೈಲ್ ಫೋನಿನ ಕ್ಯಾಮರಾಕ್ಕೆ ಕೈಮಸೂರವನ್ನು ತಾಗಿಸಿ ಹಿಡಿಯಿರಿ. ಹೂವಿನ ಕೇಸರ, ಎಲೆಯ ಮೇಲಿನ ಮೊಟ್ಟೆ, ಇರುವೆ ಯಾವುದಾದರೂ ಸರಿ. ಚಿತ್ರ ಸ್ಪಷ್ಟವಾಗುವವರೆಗೆ ಫೋನನ್ನು ನಿಧಾನವಾಗಿ ಹಿಂದೆ ಮುಂದೆ ಸರಿಸಿ. ಬೆಳಕು ಒಂದು ಮಗ್ಗುಲಿನಿಂದ ಬೀಳುವಂತಿದ್ದರೆ ಉಬ್ಬುತಗ್ಗು ಚೆನ್ನಾಗಿ ಕಾಣುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಒಂದು ಫೋಟೋ ತೆಗೆಯಲು ಮರೆಯಬೇಡಿ. ಇಲ್ಲದಿದ್ದರೆ ನೋಡುವವರಿಗೆ ಅದರ ಗಾತ್ರ ತಿಳಿಯುವುದಿಲ್ಲ. ಬಳಿಕ ಅದೇ ವಸ್ತುವನ್ನು ಮಸೂರದಲ್ಲಿ ನೋಡುತ್ತಾ ಪೆನ್ಸಿಲಿನಿಂದ ಚಿತ್ರ ಬರೆಯಿರಿ. ಫೋಟೋದಲ್ಲಿ ಗಮನಿಸದೇ ಇದ್ದದ್ದು ಏನಾದರೂ ಚಿತ್ರ ಬರೆಯುವಾಗ ಕಂಡಿತೇ?

ಎಚ್ಚರಿಕೆ: ಮಸೂರದಿಂದ ಸೂರ್ಯನನ್ನು ಎಂದಿಗೂ ನೋಡಬೇಡಿ. ಇರುವೆ, ಕೀಟಗಳನ್ನು ಹಿಡಿದು ಕಟ್ಟಿಹಾಕಬೇಡಿ. ಮೊಟ್ಟೆಯಿರುವ ಎಲೆಯನ್ನು ಕೀಳಬೇಡಿ, ಗಿಡದಲ್ಲೇ ನೋಡಿ. ಜೇನು, ಕಡಜಗಳಿಂದ ದೂರವಿರಿ.

ಚಿತ್ರದ ಕೆಳಗೆ ದಿನಾಂಕ, ಸ್ಥಳ, ಗಿಡದ ಅಥವಾ ಕೀಟದ ಹೆಸರು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯಿರಿ. ನಿಮ್ಮ ಶಾಲೆಯ ಗೋಡೆಪತ್ರಿಕೆಗೆ ಅಂಟಿಸಿ. ಮುಂದಿನ ವರ್ಷ ಬರುವ ಹುಡುಗನೋ ಹುಡುಗಿಯೋ ಅದೇ ಗಿಡದ ಮುಂದೆ ನಿಂತು, ನಿಮ್ಮ ಚಿತ್ರವನ್ನು ಹಿಡಿದು ಹೋಲಿಸಿ, ಇಲ್ಲೊಂದು ಗೆರೆ ಬಿಟ್ಟುಹೋಗಿದೆಯಲ್ಲ ಎಂದು ಕಂಡುಹಿಡಿಯಬಹುದು. ಹಾಗೆ ಯಾರಾದರೂ ಕಂಡುಹಿಡಿದರೆ ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಚಿತ್ರ ಕೆಲಸಕ್ಕೆ ಬಂತು ಎಂದೇ ಅದರ ಅರ್ಥ.